ಗೇರ್‌ಬಾಕ್ಸ್ ಬದಲಿಸುವ ಮುನ್ನ ಕಾರಣವನ್ನು ಬರೆಸಿಕೊಳ್ಳಿ

ಮೂಡಿಗೆರೆಯ ಓದುಗರಿಗೆ ನಮಸ್ಕಾರ.

ತಮ್ಮ ಪತ್ರ ದೀರ್ಘವಾಗಿರುವುದರಿಂದ ಅದರ ತಿರುಳನ್ನಷ್ಟೇ ಇತರ ಓದುಗರಿಗಾಗಿ ಇಲ್ಲಿ ಕೊಡುತ್ತಿದ್ದೇನೆ. ತಾವು ಕೊಂಡ ಸೆಕೆಂಡ್ ಹ್ಯಾಂಡ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ) ಕಾರು ಚಾರ್ಮಾಡಿ ಘಾಟಿಯಲ್ಲಿ ಮೊದಲನೆಯ ಮತ್ತು ಎರಡನೆಯ ಗೇರಿನಲ್ಲಿ ಜಗ್ಗುತ್ತದೆ. ಕೆಲವೊಮ್ಮೆ ತಾನಾಗಿಯೇ ನ್ಯೂಟ್ರಲ್‌ಗೆ ಬೀಳುತ್ತದೆ. ಒಂದು ಗ್ಯಾರೇಜಿನವರು ಕ್ಲಚ್ ಸೆಟ್ ಹೊಸದು ಹಾಕಿದರು, ಕೆಲವೇ ವಾರಗಳಲ್ಲಿ ತೊಂದರೆ ಮರುಕಳಿಸಿತು. ಎರಡನೆಯವರು ಕ್ಲಚ್ಚು, ಗೇರುಗಳನ್ನು ನಡೆಸುವ ಸಾಧನವಾದ ಆಕ್ಚುವೇಟರ್ ಬದಲಿಸಿದರು, ಆಗಲೂ ಅದೇ ಕಥೆ. ಈಗ ಮೂರನೆಯವರು ಗೇರ್‌ಬಾಕ್ಸನ್ನೇ ಬದಲಿಸಬೇಕೆನ್ನುತ್ತಿದ್ದಾರೆ. ಮೊದಲಿಬ್ಬರೂ ಬಿಲ್ ಕೊಟ್ಟಿಲ್ಲ. ಕಾರು ಮಾರಿಬಿಡಲೇ, ಇಟ್ಟುಕೊಂಡರೆ ಯಾರನ್ನು ನಂಬಲಿ ಎಂದು ಕೇಳಿದ್ದೀರಿ.

ಮೊದಲಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಾರಣ ಗೊತ್ತಾಗುವವರೆಗೆ ಈ ಕಾರನ್ನು ಘಾಟಿಗೆ ಇಳಿಸಬೇಡಿ. ಇಳಿಜಾರಿನಲ್ಲಿ ಗೇರು ಕಳಚಿಕೊಂಡರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಮಂಜು ಮುಸುಕಿದ ತಿರುವಿನಲ್ಲಿ ಕಾರು ನಿಂತುಬಿಟ್ಟರೆ ಹಿಂದಿನಿಂದ ಬರುವ ಲಾರಿಗೆ ಅದು ಕಾಣುವುದೇ ಕಷ್ಟ. ಹಣದ ಪ್ರಶ್ನೆ ಆಮೇಲಿನದು.

ಇನ್ನು ಗೇರ್‌ಬಾಕ್ಸಿನ ಮಾತು. ಎಎಂಟಿಯಲ್ಲಿರುವುದು ಮ್ಯಾನುವಲ್ ಕಾರಿನ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ಚಾಲಕನ ಬದಲು ಕಂಪ್ಯೂಟರಿನ ಆಜ್ಞೆಯಂತೆ ಆಕ್ಚುವೇಟರ್ ಮಾಡುತ್ತದೆ, ಅಷ್ಟೇ. ಹೀಗಿರುವಾಗ ಜಗ್ಗುವುದಕ್ಕೂ ನ್ಯೂಟ್ರಲ್‌ಗೆ ಬೀಳುವುದಕ್ಕೂ ಕಾರಣ ಒಳಗಿನ ಗೇರುಗಳಲ್ಲೇ ಇರಬೇಕೆಂದಿಲ್ಲ; ಬಹಳ ಸಲ ಅದು ಹೊರಗೇ ಇರುತ್ತದೆ. ಹೊಸ ಕ್ಲಚ್ ಹಾಕಿದ ಮೇಲೆ ಅದು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಸ್ಕ್ಯಾನರ್ ಜೋಡಿಸಿ ಕಂಪ್ಯೂಟರಿಗೆ ಕಲಿಸಬೇಕು. ಈ ಕ್ಯಾಲಿಬ್ರೇಷನ್ ಬಿಟ್ಟುಹೋದರೆ ಹೊಸ ಕ್ಲಚ್ಚೂ ಜಗ್ಗುತ್ತದೆ. ಕಾದು ಕಲೆಗಟ್ಟಿದ ಹಳೆಯ ಫ್ಲೈವೀಲಿನ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ, ಎಂಜಿನ್ನಿನ ಚಕ್ರದ) ಮೇಲೆಯೇ ಹೊಸ ಪ್ಲೇಟ್ ಕೂರಿಸಿದ್ದರೆ, ಅಥವಾ ಕ್ರ್ಯಾಂಕಿನ ಹಿಂಭಾಗದ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗುತ್ತಿದ್ದರೆ, ಎಷ್ಟು ಕ್ಲಚ್ ಸೆಟ್ ಹಾಕಿದರೂ ಅದೇ ಗತಿ. ಸೊರಗಿದ ಬ್ಯಾಟರಿ, ಸಡಿಲವಾದ ಅರ್ತಿಂಗ್, ಕೆಟ್ಟ ಬ್ರೇಕ್ ಸ್ವಿಚ್ ಇಂಥವೂ ಗೇರು ಬೀಳದಂತೆ ಮಾಡಬಲ್ಲವು. ಗೇರ್‌ಬಾಕ್ಸ್ ಬದಲಿಸುವುದಕ್ಕೆ ಹೋಲಿಸಿದರೆ ಇವನ್ನು ಪರೀಕ್ಷಿಸುವುದು ಕಡಿಮೆ ಖರ್ಚಿನ ಕೆಲಸ. ಇವನ್ನು ಮುಗಿಸದೆ ಗೇರ್‌ಬಾಕ್ಸ್ ಬದಲಿಸಿ ಎನ್ನುವ ಸಲಹೆಯನ್ನು ನಾನು ಒಪ್ಪಲಾರೆ.

ಆದ್ದರಿಂದ ಯಾರನ್ನು ನಂಬಲಿ ಎಂಬ ಪ್ರಶ್ನೆಗೆ ನನ್ನ ಉತ್ತರವಿದು: ಸ್ಕ್ಯಾನ್ ಮಾಡಿದಾಗ ಕಂಪ್ಯೂಟರ್ ತೋರಿಸಿದ ದೋಷದ ಕೋಡುಗಳನ್ನು ಕಾಗದದ ಮೇಲೆ ಕೊಡುವವರನ್ನು, ತಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿನಲ್ಲಿ ಕಾರು ಓಡಿಸಿ ನೋಡುವವರನ್ನು, ಕಳಚಿದ ಹಳೆಯ ಭಾಗವನ್ನು ಕೈಗೆ ಕೊಟ್ಟು ಎಲ್ಲಿ ಸವೆದಿದೆಯೆಂದು ತೋರಿಸುವವರನ್ನು ನಂಬಿ. ಪರೀಕ್ಷೆಗೆಂದೇ ಪ್ರತ್ಯೇಕ ಕೂಲಿ ಕೇಳಿದರೆ ಸಂತೋಷದಿಂದ ಕೊಡಿ. ನಮ್ಮ ಊರುಗಳಲ್ಲಿ ಮೆಕ್ಯಾನಿಕ್ಕಿನ ತಿಳಿವಳಿಕೆಗೆ ನಾವು ಬೆಲೆ ಕಟ್ಟುವುದಿಲ್ಲ, ಅವರು ಹಾಕಿದ ಭಾಗಕ್ಕಷ್ಟೇ ದುಡ್ಡು ಕೊಡುತ್ತೇವೆ. ಆಗ ದೋಷ ಹುಡುಕುವುದಕ್ಕಿಂತ ಭಾಗ ಬದಲಿಸುವುದೇ ಅವರಿಗೆ ಗಿಟ್ಟುವ ಕೆಲಸವಾಗುತ್ತದೆ. ಜಾಬ್ ಕಾರ್ಡಿನಲ್ಲಿ ತಮ್ಮ ದೂರು, ಕಂಡುಬಂದ ಕಾರಣ, ಖರ್ಚಿನ ಅಂದಾಜು, ಕೆಲಸಕ್ಕೆ ಎಷ್ಟು ತಿಂಗಳ ಹೊಣೆ ಎಂಬುದಿಷ್ಟನ್ನೂ ಬರೆಸಿ.

ಏರಿನಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಡುವ ರೂಢಿಯಿದ್ದರೆ ಅದನ್ನು ಬಿಟ್ಟು ಹ್ಯಾಂಡ್ ಬ್ರೇಕ್ ಬಳಸಿ. ಕ್ಲಚ್ ಸುಡುವುದು ಹೆಚ್ಚಾಗಿ ಅಲ್ಲಿಯೇ.

ಬಿಲ್ ಕೊಡದವರ ವಿಷಯದಲ್ಲಿ ತಾವು ಕೈಚೆಲ್ಲಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಗೆ ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಹಣ ಪಡೆದು ಕೆಲಸವನ್ನು ಸರಿಯಾಗಿ ಮಾಡದಿರುವುದು ಸೇವಾ ನ್ಯೂನತೆ. ಗ್ಯಾರೇಜು ಬೇರೆ ಜಿಲ್ಲೆಯಲ್ಲಿದ್ದರೂ ತಾವು ವಾಸಿಸುವ ಜಿಲ್ಲೆಯಲ್ಲಿ, ಅಂದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ದೂರು ಸಲ್ಲಿಸಬಹುದು. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷಗಳೊಳಗೆ ಸಲ್ಲಿಸಬೇಕು. ಬಿಲ್ ಇಲ್ಲದಿದ್ದರೂ ಫೋನಿನಲ್ಲಿ ಹಣ ಕಳುಹಿಸಿದ ದಾಖಲೆ, ವಾಟ್ಸ್ಆ್ಯಪ್ ಸಂದೇಶಗಳು, ಹಳೆಯ ಭಾಗಗಳ ಫೋಟೊ ಸಾಕ್ಷಿಯಾಗಿ ನೆರವಿಗೆ ಬರುತ್ತವೆ, ಅವನ್ನು ಅಳಿಸಬೇಡಿ. ದೂರಿಗೆ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ಎಷ್ಟೋ ತಕರಾರುಗಳು ಆ ಹಂತದಲ್ಲೇ ತೀರುತ್ತವೆ.

ಮುಂದೆ ಯಾವುದಾದರೂ ಗ್ಯಾರೇಜಿನಲ್ಲಿ ಬಿಲ್ಲಿನ ಬಗ್ಗೆ ಜಗಳ ಬಂದರೆ ಕಾರನ್ನು ಬಲವಂತವಾಗಿ ತರಲು ಹೋಗಬೇಡಿ. ಮಾಡಿದ ಕೆಲಸದ ಕೂಲಿ ಸಲ್ಲುವವರೆಗೆ ವಸ್ತುವನ್ನು ತನ್ನಲ್ಲಿ ಇಟ್ಟುಕೊಳ್ಳುವ ಹಕ್ಕನ್ನು 1872ರ ಕರಾರು ಕಾಯ್ದೆಯ 170ನೆಯ ಕಲಮು ರಿಪೇರಿ ಮಾಡಿದವರಿಗೆ ಕೊಟ್ಟಿದೆ. ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬಿಲ್ಲಿನ ಮೇಲೆ ಬರೆದು ಹಣ ಕೊಟ್ಟು ಕಾರು ಬಿಡಿಸಿಕೊಳ್ಳಿ, ತಕರಾರನ್ನು ಆಯೋಗದ ಮುಂದಿಡಿ.

ಮಾರುವ ವಿಚಾರವನ್ನು ಪರೀಕ್ಷೆಯ ವರದಿ ಬಂದ ಮೇಲೆ ತೀರ್ಮಾನಿಸುವುದು ಒಳ್ಳೆಯದು. ಕ್ಯಾಲಿಬ್ರೇಷನ್ನಿಗೋ ಸೀಲಿಗೋ ಮುಗಿಯುವ ದೋಷವಾದರೆ ಮಾರುವ ಅಗತ್ಯವೇ ಬೀಳದು. ಗೇರ್‌ಬಾಕ್ಸೇ ಕೆಟ್ಟಿದೆಯೆಂದು ಖಚಿತವಾಗಿ, ಅದರ ಖರ್ಚು ಕಾರಿನ ಇಂದಿನ ಬೆಲೆಗೆ ಹೊಂದದಿದ್ದರೆ ಮಾರಿ. ಆಗ ಆ ವರದಿಯನ್ನು ಕೊಳ್ಳುವವರಿಗೂ ತೋರಿಸಿ, ಬೆಲೆ ಕಡಿಮೆ ಬಂದರೂ ಸರಿ. ಅವರೂ ಅದೇ ಘಾಟಿಯಲ್ಲಿ ಓಡಾಡುವವರಾಗಿರಬಹುದು.

— ಸಂಪಾದಕ