ಓದುಗರ ಪ್ರಶ್ನೆಗೆ ಉತ್ತರ: ಕಾಲ್ನಡಿಗೆಯಲ್ಲಿ ಎರಡು ದಿನದ ಬೆಂಗಳೂರು

ಪ್ರಶ್ನೆ: ನಾವು ಮೂವರು ಸ್ನೇಹಿತರು, ಎಲ್ಲರೂ ನಲವತ್ತು ದಾಟಿದವರು. ಊರಿನಲ್ಲಿ ದಿನವೂ ಬೆಳಿಗ್ಗೆ ಆರೇಳು ಕಿಲೋಮೀಟರ್ ನಡೆಯುವ ರೂಢಿಯಿದೆ. ಬೆಂಗಳೂರಿಗೆ ಹೋದಾಗಲೆಲ್ಲ ಮದುವೆ, ಆಸ್ಪತ್ರೆ, ಕೋರ್ಟು ಎಂದು ಓಡಾಡಿ ಬಂದಿದ್ದೇವೆಯೇ ಹೊರತು ಊರನ್ನು ನೋಡಿಲ್ಲ. ಈ ಸಲ ಶನಿವಾರ, ಭಾನುವಾರ ಎರಡೂ ದಿನ ಚೆನ್ನಾಗಿ ನಡೆದು, ಹತ್ತಿ ಇಳಿದು ಬರಬೇಕೆಂದಿದ್ದೇವೆ. ಮಾಲ್‌ಗಳು ಬೇಡ. ಒಬ್ಬ ಗೆಳೆಯ ನಂದಿಬೆಟ್ಟಕ್ಕೇ ಹೋಗೋಣ ಎಂದು ಹಟ ಹಿಡಿದಿದ್ದಾನೆ. ಹೇಗೆ ಯೋಜಿಸಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನಂದಿಬೆಟ್ಟದ ವಿಷಯವನ್ನು ಮುಗಿಸಿಬಿಡೋಣ. ಅದು 1,478 ಮೀಟರ್ ಎತ್ತರದ ಸುಂದರವಾದ ಬೆಟ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ವಾರಾಂತ್ಯದಲ್ಲಿ ಸೂರ್ಯೋದಯ ನೋಡಲು ನಗರದ ಅರ್ಧದಷ್ಟು ಯುವಜನರು ಅಲ್ಲಿಗೇ ಹೊರಟಿರುತ್ತಾರೆ. ಮರಳುವಾಗ ಹೆಬ್ಬಾಳದ ಮೇಲ್ಸೇತುವೆಯ ಬಳಿ ನೀವು ಕಳೆಯುವ ಹೊತ್ತಿನಲ್ಲಿ ಇನ್ನೊಂದು ಬೆಟ್ಟವನ್ನು ಹತ್ತಿ ಇಳಿಯಬಹುದು. ನಡೆಯುವ ಆಸೆಯಿಂದ ಬರುವವರು ಎರಡು ದಿನಗಳಲ್ಲಿ ಒಂದನ್ನು ಕಾರಿನ ಸೀಟಿನಲ್ಲಿ ಕಳೆಯುವುದು ನನಗೆ ಸರಿಕಾಣುವುದಿಲ್ಲ. ನಿಮ್ಮ ಗೆಳೆಯರಿಗೆ ಬೆಟ್ಟವೇ ಬೇಕೆಂದಿದ್ದರೆ ಮತ್ತು ನೀವು ಸ್ವಂತ ವಾಹನದಲ್ಲಿ ಬರುವುದಾದರೆ, ನಿಮ್ಮ ದಾರಿಯಲ್ಲೇ ಇರುವ ಶಿವಗಂಗೆಯನ್ನು ಆರಿಸಿಕೊಳ್ಳಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಹೆದ್ದಾರಿಯಿಂದ ಹೊರಳಿದರೆ ಬೆಟ್ಟದ ಬುಡ ಸಮೀಪದಲ್ಲೇ ಸಿಗುತ್ತದೆ. ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಸಿಗುತ್ತದೆಯೇ ಎಂದು ನೋಡಿ, ಅಲ್ಲಿಂದ ಮೇಲಕ್ಕೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿದರೆ ಮೈ ಬೆವರುವ ಮಟ್ಟಿಗೆ ಕೆಲಸವಾಗುತ್ತದೆ. ಕೈಯಲ್ಲಿ ಪೊಟ್ಟಣ ಕಂಡರೆ ಕೋತಿಗಳು ಬಿಡುವುದಿಲ್ಲ, ತಿಂಡಿಯನ್ನು ಚೀಲದೊಳಗೇ ಇಡಿ.

ಇನ್ನು ಬೆಂಗಳೂರಿನ ಮಾತು. ಈ ನಗರದಲ್ಲಿ ನಡೆಯಲು ಬರುವವರು ತಿಳಿದಿರಬೇಕಾದದ್ದು ಒಂದೇ: ಇಲ್ಲಿ ಬೆಳಗಿನ ಹತ್ತು ಗಂಟೆಯವರೆಗೆ ಊರು ನಡೆಯುವವರದು, ಆಮೇಲೆ ವಾಹನಗಳದು. ಆದ್ದರಿಂದ ಎರಡೂ ದಿನ ನಡಿಗೆಯನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ, ದೂರವನ್ನು ಮೆಟ್ರೊದಲ್ಲಿ ದಾಟಿ, ಮಧ್ಯಾಹ್ನ ಮಲಗಿ. ಹತ್ತು ಜಾಗಗಳ ಪಟ್ಟಿಯನ್ನು ಹಿಡಿದು ಆಟೊದಲ್ಲಿ ಸುತ್ತುವವರಿಗೆ ಈ ಊರು ಸಿಗ್ನಲ್ಲುಗಳನ್ನು ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ.

ನಿಮಗೆ ನಾನು ಸೂಚಿಸುವುದು ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳ ಸುತ್ತಾಟ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶದ ಕಾಲದ್ದೆಂದು ಹೇಳುವ ಈ ಪುಟ್ಟ ಗೋಪುರಗಳು ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಸಮೀಪ ನಿಂತಿವೆ. ಊರು ಇಲ್ಲಿಯವರೆಗೆ ಬೆಳೆದೀತು ಎಂದು ಗುರುತಿಗೆ ಕಟ್ಟಿಸಿದವು ಎಂಬ ಐತಿಹ್ಯವಿದೆ. ಇಂದು ನೇರಳೆ ಮಾರ್ಗದ ಮೆಟ್ರೊ ಒಂದೇ 40 ಕಿಲೋಮೀಟರ್ ಮೀರಿ ಓಡುತ್ತದೆ ಎಂಬುದನ್ನು ನೆನೆದರೆ ಆ ಐತಿಹ್ಯಕ್ಕೆ ನಗು ಬರುತ್ತದೆ. ಆದರೆ ಕಾಲ್ನಡಿಗೆಯವರಿಗೆ ಹಳೆಯ ಅಳತೆಯೇ ಸೂಕ್ತ: ನಾಲ್ಕೂ ಗೋಪುರಗಳನ್ನು ಎರಡು ಬೆಳಗಿನಲ್ಲಿ ಆತುರವಿಲ್ಲದೆ ನೋಡಬಹುದು.

ಶುಕ್ರವಾರ ರಾತ್ರಿಯ ರೈಲು ಹತ್ತಿದರೆ ಶನಿವಾರ ನಸುಕಿಗೆ ಯಶವಂತಪುರ ಅಥವಾ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿಯುತ್ತೀರಿ. ಸಾಮಾನನ್ನು ರಾಯಣ್ಣ ನಿಲ್ದಾಣದ ಕ್ಲೋಕ್ ರೂಮಿನಲ್ಲಿಯೋ ಗಾಂಧಿನಗರದ ವಸತಿಗೃಹದಲ್ಲಿಯೋ ಬಿಟ್ಟು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹಿಡಿದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಿರಿ. ಉದ್ಯಾನದ ಪಶ್ಚಿಮ ದ್ವಾರ ಅಲ್ಲಿಂದ ಹತ್ತಿರ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಯಷ್ಟಿದೆ. ಕೆರೆಯನ್ನು ಸುತ್ತಿ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ಬಳಸಿ ಬಂಡೆಯ ಕಡೆಗೆ ನಡೆಯಿರಿ. ಆ ಬಂಡೆಯ ಮೇಲೆ ತಲೆ ಬಗ್ಗಿಸಿ ಕಾಲಡಿಯನ್ನು ನೋಡಬೇಕು. ಬೂದು ಕಲ್ಲಿನ ನಡುವೆ ಬಿಳಿಯ ಮತ್ತು ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಮಡಿಚಿಕೊಂಡಿರುವುದು ಕಾಣುತ್ತದೆ. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುವ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಸಾವಿರಾರು ಪಾದರಕ್ಷೆಗಳು ಉಜ್ಜಿದ ಕಡೆಗಳಲ್ಲಿ ಕಲ್ಲು ನುಣುಪಾಗಿದೆ, ಮಳೆ ಬಿದ್ದ ಮರುದಿನ ಅಲ್ಲಿ ಕಾಲು ಜಾರುತ್ತದೆ. ಮೇಲೆ ಮೊದಲ ಗೋಪುರ.

ಅಲ್ಲಿಂದ ಪಶ್ಚಿಮಕ್ಕೆ ಬಸವನಗುಡಿಯ ಕಡೆಗೆ ಹೊರಟರೆ ರಸ್ತೆ ನಿಧಾನವಾಗಿ ಏರುವುದು ನಿಮ್ಮ ಕಾಲಿಗೆ ಗೊತ್ತಾಗುತ್ತದೆ. ಬೆಂಗಳೂರು ಸಪಾಟಾದ ಊರಲ್ಲ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ನಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಹಾದುಹೋಗಿದ್ದು, ಅದರ ಮೂಡಣಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯನ್ನು ಸೇರಿದರೆ, ಪಡುವಣಕ್ಕೆ ಬಿದ್ದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ. ಲಾಲ್‌ಬಾಗಿನ ಕೆರೆ ಒಂದು ಕಣಿವೆಗೆ ಸೇರಿದ್ದು, ಕೆಂಪಾಂಬುಧಿ ಇನ್ನೊಂದಕ್ಕೆ. ಆ ಎರಡರ ನಡುವಿನ ಮೂರು ಕಿಲೋಮೀಟರ್ ನಡಿಗೆಯಲ್ಲಿ ನೀವು ಎರಡು ನದಿಗಳ ಜಲಾನಯನವನ್ನು ದಾಟಿರುತ್ತೀರಿ. ಕಾರಿನಲ್ಲಿ ಕುಳಿತು ಹೋಗುವವರಿಗೆ ಇದು ಎಂದಿಗೂ ತಿಳಿಯುವುದಿಲ್ಲ.

ಗಾಂಧಿ ಬಜಾರಿನಲ್ಲಿ ತಿಂಡಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೆ ಶನಿವಾರ ಬೆಳಿಗ್ಗೆ ದೊಡ್ಡ ಸಾಲೇ ಇರುತ್ತದೆ. ಸಾಲಿನಲ್ಲಿ ನಿಲ್ಲುವ ತಾಳ್ಮೆಯಿದ್ದರೆ ನಿಲ್ಲಿ, ಇಲ್ಲವೆಂದರೆ ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ ತಿಂದು ಮುಂದೆ ನಡೆಯಿರಿ. ತುಪ್ಪ ಸೋರುವ ದೋಸೆಯ ಮೇಲೆ ಏರು ಹತ್ತುವುದಕ್ಕಿಂತ ಇಡ್ಲಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಬಸವಣ್ಣನ ಗುಡಿ, ಪಕ್ಕದ ಬ್ಯೂಗಲ್ ರಾಕ್ ಉದ್ಯಾನ, ಗವಿಪುರದ ಗಂಗಾಧರೇಶ್ವರ ಗುಹಾದೇವಾಲಯ, ಅಲ್ಲಿಂದ ಕೆಂಪಾಂಬುಧಿ ಕೆರೆ ಮತ್ತು ಎರಡನೆಯ ಗೋಪುರ: ಇಷ್ಟನ್ನು ಹತ್ತೂವರೆಯೊಳಗೆ ಮುಗಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ವಸತಿಗೆ ಮರಳಿ. ಲಾಲ್‌ಬಾಗಿನ ಒಳಗಿನ ಸುತ್ತನ್ನೂ ಸೇರಿಸಿದರೆ ನಿಮ್ಮ ದಿನನಿತ್ಯದ ನಡಿಗೆಗಿಂತ ಸ್ವಲ್ಪ ಹೆಚ್ಚೇ ಆಗಿರುತ್ತದೆ.

ಭಾನುವಾರ ಒಂದು ತೊಡಕಿದೆ. ಉಳಿದ ದಿನ ನಸುಕಿನಲ್ಲೇ ಹೊರಡುವ ಮೆಟ್ರೊ ಭಾನುವಾರ ಶುರುವಾಗುವುದು ಬೆಳಿಗ್ಗೆ 7ಕ್ಕೆ. ಅಷ್ಟು ಹೊತ್ತು ಕಾಯಬೇಡಿ. ಗಾಂಧಿನಗರದಿಂದ ನಡೆದುಕೊಂಡೇ ಹೊರಟು, ವಿಧಾನಸೌಧ ಮತ್ತು ಕೆಂಪು ಬಣ್ಣದ ಅಠಾರ ಕಚೇರಿಯ ನಡುವಿನ ರಸ್ತೆಯಲ್ಲಿ ಸಾಗಿ ಕಬ್ಬನ್ ಉದ್ಯಾನವನ್ನು ಸೇರಿ. ಭಾನುವಾರ ಉದ್ಯಾನದ ಒಳರಸ್ತೆಗಳಲ್ಲಿ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಓಡುವವರು, ಸ್ಕೇಟಿಂಗ್ ಕಲಿಯುವ ಮಕ್ಕಳು, ನಾಯಿಯನ್ನು ಕರೆತಂದವರು ರಸ್ತೆಯ ತುಂಬ ಇರುತ್ತಾರೆ. ಅಲ್ಲಿಂದ ಮಹಾತ್ಮ ಗಾಂಧಿ ರಸ್ತೆಯ ಮೂಲಕ ಹಲಸೂರು ಕೆರೆಯವರೆಗೆ ನಡೆಯಬಹುದು. ಅಲ್ಲಿನ ಗೋಪುರದ ಸುತ್ತಮುತ್ತ ಸೇನೆಯ ಪ್ರದೇಶವಿರುವುದರಿಂದ ಕಾವಲುಗಾರರು ಬೇಡವೆಂದರೆ ವಾದಕ್ಕಿಳಿಯದೆ ದೂರದಿಂದಲೇ ನೋಡಿ. ಕೊನೆಯ ಗೋಪುರ ಮೇಖ್ರಿ ವೃತ್ತದಲ್ಲಿದೆ. ಅಲ್ಲಿಗೆ ಬಸ್ಸನ್ನೋ ಆಟೊವನ್ನೋ ಹಿಡಿಯುವುದೇ ಒಳ್ಳೆಯದು, ಬಳ್ಳಾರಿ ರಸ್ತೆ ನಡೆಯಲು ಹಿತವಾದ ರಸ್ತೆಯಲ್ಲ.

ಪಾದಚಾರಿ ಮಾರ್ಗದ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬೆಂಗಳೂರಿನ ಬಹುಪಾಲು ಪಾದಚಾರಿ ಮಾರ್ಗಗಳು ಚರಂಡಿಯ ಮೇಲೆ ಹಾಸಿದ ಕಲ್ಲು ಚಪ್ಪಡಿಗಳು. ಒಂದು ಚಪ್ಪಡಿ ಅಲುಗಾಡುತ್ತದೆ, ಮುಂದಿನದು ಅರ್ಧ ಮುರಿದಿರುತ್ತದೆ, ಅದರಾಚೆ ಟ್ರಾನ್ಸ್‌ಫಾರ್ಮರ್ ನಿಂತಿರುತ್ತದೆ, ಎದೆಯ ಮಟ್ಟದಲ್ಲಿ ಕೇಬಲ್ಲಿನ ಸುರುಳಿ ನೇತಾಡುತ್ತಿರುತ್ತದೆ. ನಡೆಯುವಾಗ ಕಟ್ಟಡ ನೋಡಬೇಡಿ. ನೋಡಬೇಕೆನಿಸಿದರೆ ನಿಂತು ನೋಡಿ. ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಯಂಥ ಕೆಲವು ಕಡೆ ಮಾತ್ರ ಅಗಲವಾದ ಮಾರ್ಗಗಳಿವೆ. ತಂಪು ಗಾಳಿಯನ್ನು ನಂಬಿ ಟೋಪಿ ಮರೆಯಬೇಡಿ, ಇಷ್ಟು ಎತ್ತರದಲ್ಲಿ ಬಿಸಿಲು ಸುಡುವುದು ಸಂಜೆಯೇ ತಿಳಿಯುತ್ತದೆ.

ಯಾವಾಗ ಬರಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಅತ್ಯುತ್ತಮ. ಸ್ವಾತಂತ್ರ್ಯೋತ್ಸವ ಮತ್ತು ಗಣರಾಜ್ಯೋತ್ಸವದ ಆಸುಪಾಸಿನ ವಾರಾಂತ್ಯಗಳಲ್ಲಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನವಿದ್ದು, ಅಲ್ಲಿ ನಡೆಯುವುದಿರಲಿ, ನಿಲ್ಲುವುದೂ ಕಷ್ಟ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬಸವನಗುಡಿ ಹಿಂದಿನ ವಾರಾಂತ್ಯದಿಂದಲೇ ತುಂಬುತ್ತದೆ. ಜನಜಂಗುಳಿಯನ್ನು ಇಷ್ಟಪಡುವವರಾದರೆ ಅದಕ್ಕೆಂದೇ ಬನ್ನಿ.

ಪ್ರಶ್ನೆ: ಒಂಬತ್ತು ಮತ್ತು ಹನ್ನೆರಡು ವರ್ಷದ ಮಕ್ಕಳಿದ್ದಾರೆ. ರಜೆಯಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಇಬ್ಬರಿಗೂ ಒಂದೆಡೆ ಕೂರುವ ಸ್ವಭಾವವಿಲ್ಲ. ಗೋಡೆ ಹತ್ತುವ ಆಟ ಕಲಿಯಬೇಕು ಎಂಬ ಆಸೆಯಿದೆ. ಖರ್ಚು ಹೆಚ್ಚಾಗಬಾರದು.
— ಓದುಗರೊಬ್ಬರು, ಪುತ್ತೂರು

ಉತ್ತರ: ಖರ್ಚಿನ ಬಗ್ಗೆ ಮೊದಲು ಹೇಳುವುದಾದರೆ, 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿಯೂ ನಗರದೊಳಗಿನ ಬಿಎಂಟಿಸಿ ಸಾಮಾನ್ಯ ಬಸ್ಸುಗಳಲ್ಲಿಯೂ ಟಿಕೆಟ್ ಹಣವಿಲ್ಲ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ನೀವು ತಾಯಿಯೆಂದು ಭಾವಿಸಿ ಇದನ್ನು ಬರೆದಿದ್ದೇನೆ; ತಂದೆಯಾದರೆ ಕ್ಷಮಿಸಿ, ಟಿಕೆಟ್ ಕೊಳ್ಳಿ.

ಕಬ್ಬನ್ ಉದ್ಯಾನದ ಹತ್ತಿರದಲ್ಲೇ ಇರುವ ಕಂಠೀರವ ಕ್ರೀಡಾಂಗಣದಲ್ಲಿ ಹತ್ತುವ ಕೃತಕ ಗೋಡೆಯಿದ್ದು, ರಾಜ್ಯದ ಅನೇಕ ಶಿಲಾರೋಹಿಗಳು ಅಲ್ಲಿ ಅಭ್ಯಾಸ ಮಾಡಿದವರು. ಅಲ್ಲಿ ಹೊಸಬರಿಗೆ, ಅದರಲ್ಲೂ ಮಕ್ಕಳಿಗೆ, ಆ ವಾರ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ನಗರದಲ್ಲಿ ಖಾಸಗಿ ಒಳಾಂಗಣ ಗೋಡೆಗಳೂ ಇವೆ. ಅಲ್ಲಿ ಗಂಟೆಯ ಲೆಕ್ಕದಲ್ಲಿ ಶುಲ್ಕ ತೆಗೆದುಕೊಂಡು ಹಗ್ಗ, ಬೂಟು ಕೊಡುತ್ತಾರೆ, ಪೋಷಕರ ಸಹಿ ಕೇಳುತ್ತಾರೆ. ಸಹಿ ಹಾಕುವ ಮುನ್ನ ಹಗ್ಗ ಹಿಡಿಯುವವರು ಯಾರು, ಒಬ್ಬರು ಒಂದು ಸಲಕ್ಕೆ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಒಬ್ಬ ಮಗುವಿಗೆ ಒಬ್ಬರು ಹಗ್ಗ ಹಿಡಿದಿರಬೇಕು. ಇದಕ್ಕೆ ತಡವರಿಸುವವರ ಬಳಿ ಮಕ್ಕಳನ್ನು ಬಿಡಬೇಡಿ. ಹಿಂದಿನ ರಾತ್ರಿ ಉಗುರು ಕತ್ತರಿಸಿಬಿಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಭಾನುವಾರ ಬೆಳಿಗ್ಗೆ ಕಬ್ಬನ್ ಉದ್ಯಾನದಲ್ಲಿ ಓಡಾಡಿಸಿ, ಬಿಸಿಲೇರಿದ ಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವ ಜಾಗವಾದ್ದರಿಂದ ಅಲ್ಲಿಯೂ ಅವರು ಕೂರಬೇಕಾಗಿಲ್ಲ.

ಪ್ರಶ್ನೆ: ನನ್ನ ಸೈಕಲ್ಲನ್ನು ರೈಲಿನಲ್ಲಿ ಬೆಂಗಳೂರಿಗೆ ತಂದು ಮೆಟ್ರೊದಲ್ಲಿಯೂ ಒಯ್ಯಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸಾಮಾನ್ಯ ಸೈಕಲ್ಲನ್ನು ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಸರಕಿನ ಬೋಗಿಯಲ್ಲಿ ಕಳುಹಿಸಬೇಕು. ಮೆಟ್ರೊ ಒಳಗೆ ಅದಕ್ಕೆ ಜಾಗವಿಲ್ಲ. ಮಡಚುವ ಸೈಕಲ್ಲಿಗೆ 2022ರಿಂದ ಅನುಮತಿಯಿದೆ: ಮಡಚಿದಾಗ 60, 45, 25 ಸೆಂಟಿಮೀಟರ್ ಅಳತೆಯನ್ನು ಮೀರದೆ, 15 ಕಿಲೋಗ್ರಾಂ ಒಳಗಿದ್ದು, ಹೊದಿಕೆಯೊಂದಿಗೆ ಕೊನೆಯ ಬೋಗಿಯಲ್ಲಿ ಒಯ್ಯಬೇಕು. ತುಳಿಯಲು ಭಾನುವಾರ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗಿನ ಹೊತ್ತು ಪ್ರಶಸ್ತ. ಸೈಕಲ್ ಪಥವೆಂದು ಗುರುತು ಹಾಕಿದ ಕಡೆಯೂ ಕಾರು ನಿಂತಿರುವುದನ್ನು ನಿರೀಕ್ಷಿಸಿ.

ಪ್ರಶ್ನೆ: ಮಂಡಿನೋವಿದೆ, ಮೆಟ್ಟಿಲು ಆಗದು. ಆದರೂ ನಡೆಯುವ ಆಸೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಂಡೆ, ಗುಹೆಗಳನ್ನು ಬಿಟ್ಟು ಕೆರೆಗಳನ್ನು ಹಿಡಿಯಿರಿ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಸುತ್ತಲಿನ ದಾರಿ ಸಮತಟ್ಟಾಗಿದ್ದು, ಅಲ್ಲಲ್ಲಿ ಕೂರಲು ಬೆಂಚುಗಳಿವೆ. ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದಿಂದ ಆಟೊ ಸಿಗುತ್ತದೆ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವಾಗ ಮಾತ್ರ ಜನರ ಹಿಂದೆ ಹೋಗಬೇಡಿ, ಅವರೆಲ್ಲ ಮೆಟ್ಟಿಲುಗಳ ಕಡೆಗೇ ಓಡುತ್ತಿರುತ್ತಾರೆ.