ಷರತ್ತು ಒಡೆಯುವ ಮೊದಲು ಖಾಲಿ ಕಾಲಮ್ಮಿನ ವಿಷಯ ತೀರ್ಮಾನಿಸಿ

ಶೋಧದ ಫಲಿತಾಂಶವನ್ನು ಸೋಸಲು ಬಳಕೆದಾರರು ಬರೆಯುವ ಷರತ್ತುಗಳನ್ನು ರೆಗೆಕ್ಸ್‌ನಿಂದ (ಅಕ್ಷರಗಳ ಮಾದರಿ ಹುಡುಕುವ ಸೂತ್ರದಿಂದ) ಒಡೆಯಲೇ, ಇಲ್ಲವೇ ಪೈಥಾನ್‌ನ ಇವಾಲ್‌ಗೆ (ಕೊಟ್ಟ ಪಠ್ಯವನ್ನು ಕೋಡಾಗಿ ಓಡಿಸುವ ಫಂಕ್ಷನ್‌ಗೆ) ಒಪ್ಪಿಸಿಬಿಡಲೇ ಎಂದು ಕೇಳಿದ್ದೀರಿ. ಬಳಸುವವರೆಲ್ಲ ನಿಮ್ಮ ಕಚೇರಿಯವರೇ ಎಂದೂ ಹೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನಿಟ್ಟುಕೊಂಡು ನಾನೂ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಆದರೆ ನನಗೆ ಪೆಟ್ಟು ಬಿದ್ದದ್ದು ಷರತ್ತನ್ನು ಒಡೆಯುವಲ್ಲಿ ಅಲ್ಲ, ಒಡೆದ ಮೇಲೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವಲ್ಲಿ.

ಒಂದು ಗ್ರಂಥಾಲಯದ ಪುಸ್ತಕ ಪಟ್ಟಿಗೆ ನಾನು ಶೋಧ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಬಂದ ಫಲಿತಾಂಶವನ್ನು ಗ್ರಂಥಪಾಲಕರು ತಾವೇ ಷರತ್ತು ಬರೆದು ಇನ್ನಷ್ಟು ಸೋಸಿಕೊಳ್ಳಬಹುದಿತ್ತು. ಒಮ್ಮೆ, ಬಹುಕಾಲದಿಂದ ಯಾರೂ ಒಯ್ಯದ ಪುಸ್ತಕಗಳನ್ನು ರದ್ದಿಗೆ ಹಾಕಲು ಪಟ್ಟಿ ಬೇಕಾದಾಗ ಅವರು ಬರೆದದ್ದು ಇಷ್ಟು:

(ಎರವಲು_ವರ್ಷ >= 2005) ಅಲ್ಲ

2005ರಿಂದೀಚೆಗೆ ಎರವಲು ಹೋಗಿಲ್ಲದ ಪುಸ್ತಕ ಎಂಬುದನ್ನು ಕನ್ನಡದಲ್ಲಿ ಯೋಚಿಸುವವರು ಹೀಗೆಯೇ ಬರೆಯುತ್ತಾರೆ. ಪಟ್ಟಿ ಬಂತು, ಸಹಿ ಬಿತ್ತು, ದಿನಗೂಲಿಯವರು ಸಂಖ್ಯೆ ನೋಡಿ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿದರು, ಎಲ್ಲವೂ ತೂಕಕ್ಕೆ ಹೋಯಿತು. ಮುಂದಿನ ತಿಂಗಳು ಸಂಶೋಧಕರೊಬ್ಬರು ಬಂದು ಶಾಸನ ಸಂಪುಟವೊಂದನ್ನು ಕೇಳಿದಾಗಲೇ ಪರಾಮರ್ಶನ ವಿಭಾಗದ ಎರಡು ಕಪಾಟು ಬರಿದಾಗಿರುವುದು ತಿಳಿದದ್ದು. ನಿಘಂಟುಗಳು, ಗೆಜೆಟಿಯರ್ ಸಂಪುಟಗಳು, ಪತ್ರಿಕೆಗಳ ಕಟ್ಟಿದ ಹಳೆಯ ಸಂಪುಟಗಳು ಎಲ್ಲವೂ ಹೋಗಿದ್ದವು. ಅವುಗಳಲ್ಲಿ ಕೆಲವು ಇಂದಿಗೂ ಮರಳಿ ಸಿಕ್ಕಿಲ್ಲ.

ಕಾರಣ ನನ್ನ ಕೋಡಿನಲ್ಲಿತ್ತು. ಪರಾಮರ್ಶನ ಗ್ರಂಥಗಳನ್ನು ಮನೆಗೆ ಕೊಡುವುದೇ ಇಲ್ಲವಾದ್ದರಿಂದ ಅವುಗಳ ಎರವಲು ವರ್ಷದ ಕಾಲಮ್ ಖಾಲಿ. ಪೈಥಾನ್ 3ರಲ್ಲಿ ಖಾಲಿ ಮೌಲ್ಯವನ್ನು, ಅಂದರೆ ನನ್ ಎಂಬುದನ್ನು, ಸಂಖ್ಯೆಯ ಜೊತೆ >= ಎಂದು ಹೋಲಿಸಿದರೆ ಟೈಪ್‌ಎರರ್ ಎಂಬ ದೋಷ ಬರುತ್ತದೆ. ನಾನು ಆ ದೋಷವನ್ನು ಹಿಡಿದು, ಹೋಲಿಕೆಗೆ 'ಸುಳ್ಳು' ಎಂಬ ಉತ್ತರ ಕೊಟ್ಟಿದ್ದೆ. ವರ್ಷವೇ ಗೊತ್ತಿಲ್ಲದ ಪುಸ್ತಕ ಫಲಿತಾಂಶದಲ್ಲಿ ಬರದಿರುವುದೇ ಕ್ಷೇಮ ಎಂದು ಆಗ ನನಗೆ ಅನ್ನಿಸಿತ್ತು. ಹೋಲಿಕೆಯೊಂದೇ ಇದ್ದಾಗ ಅದು ಕ್ಷೇಮವೇ. ಆದರೆ ಅದರ ಹೊರಗೆ ಒಂದು 'ಅಲ್ಲ' ಸೇರಿದ ಕೂಡಲೇ ಸುಳ್ಳು ನಿಜವಾಗುತ್ತದೆ, ಗೊತ್ತಿಲ್ಲದ್ದೆಲ್ಲವೂ ಪಟ್ಟಿಯ ಒಳಗೆ ಬರುತ್ತದೆ. ಗ್ರಂಥಪಾಲಕರು 'ಎರವಲು_ವರ್ಷ < 2005' ಎಂದು ಬರೆದಿದ್ದರೆ ಒಂದು ನಿಘಂಟೂ ಪಟ್ಟಿಗೆ ಬರುತ್ತಿರಲಿಲ್ಲ. ಶಾಲೆಯ ಗಣಿತದಲ್ಲಿ ಎರಡೂ ಒಂದೇ. ನನ್ನ ಕೋಡಿನಲ್ಲಿ ಮಾತ್ರ ಬೇರೆ ಬೇರೆ. ಇದೇ ಷರತ್ತನ್ನು ದತ್ತಾಂಶಕೋಶಗಳ ಪ್ರಶ್ನೆಭಾಷೆಯಾದ ಎಸ್‌ಕ್ಯೂಎಲ್‌ಗೆ ಕೊಟ್ಟಿದ್ದರೂ ಆ ಪುಸ್ತಕಗಳು ಉಳಿಯುತ್ತಿದ್ದವು. ಅಲ್ಲಿ ನಲ್ (ಖಾಲಿ ಮೌಲ್ಯ) ಜೊತೆಗಿನ ಹೋಲಿಕೆಗೆ ಉತ್ತರ 'ಗೊತ್ತಿಲ್ಲ'; 'ಗೊತ್ತಿಲ್ಲ' ಎಂಬುದರ ನಿರಾಕರಣೆಯೂ 'ಗೊತ್ತಿಲ್ಲ'; ನಿಜ ಎಂದು ಬಂದ ಸಾಲುಗಳು ಮಾತ್ರ ಹೊರಬರುತ್ತವೆ. (ಜಾವಾಸ್ಕ್ರಿಪ್ಟ್ ಬಳಸುವುದಾದರೆ ಇನ್ನೂ ಎಚ್ಚರ ಬೇಕು: ಅಲ್ಲಿ ನಲ್ < 2005 ಎಂಬುದು ದೋಷವನ್ನೇ ತೋರಿಸದೆ ನಿಜವಾಗುತ್ತದೆ, ಏಕೆಂದರೆ ನಲ್ ಅನ್ನು 0 ಎಂದು ಎಣಿಸಲಾಗುತ್ತದೆ.)

ಆದ್ದರಿಂದ ನಿಮ್ಮ ಕೋಡು ಎರಡಲ್ಲ, ಮೂರು ಉತ್ತರ ಕೊಡಬೇಕು: ನಿಜ, ಸುಳ್ಳು, ಗೊತ್ತಿಲ್ಲ. 'ಮತ್ತು' ಇರುವಲ್ಲಿ ಒಂದು ಸುಳ್ಳಿದ್ದರೆ ಇಡೀ ಷರತ್ತು ಸುಳ್ಳು. 'ಅಥವಾ' ಇರುವಲ್ಲಿ ಒಂದು ನಿಜವಿದ್ದರೆ ಇಡೀ ಷರತ್ತು ನಿಜ. ಉಳಿದೆಡೆ 'ಗೊತ್ತಿಲ್ಲ' ಕೊನೆಯವರೆಗೂ 'ಗೊತ್ತಿಲ್ಲ'ವಾಗಿಯೇ ಸಾಗಬೇಕು. ಕೊನೆಗೆ ಅಂಥ ದಾಖಲೆಗಳನ್ನು ಸದ್ದಿಲ್ಲದೆ ಬಿಟ್ಟುಬಿಡಬೇಡಿ, 'ಇಷ್ಟು ಪುಸ್ತಕಗಳ ಎರವಲು ವರ್ಷ ದಾಖಲಾಗಿಲ್ಲ' ಎಂದು ತೆರೆಯ ಮೇಲೆ ತೋರಿಸಿ.

ಇನ್ನು ನೀವು ಕೇಳಿದ ಎರಡು ದಾರಿಗಳ ಮಾತು. ಎರಡೂ ಬೇಡ. ಆವರಣದೊಳಗೆ ಆವರಣ ಬಂದರೆ ರೆಗೆಕ್ಸ್‌ನಿಂದ ಒಡೆದದ್ದು ತಪ್ಪುತ್ತದೆ. ಇವಾಲ್‌ನಿಂದ ಅಂತರ್ಗತ ಫಂಕ್ಷನ್‌ಗಳನ್ನೆಲ್ಲ ಕಿತ್ತುಹಾಕಿದರೂ, ಒಂದು ಖಾಲಿ ಟ್ಯೂಪಲ್‌ನಿಂದ ಹೊರಟು ಅದರ ಕ್ಲಾಸ್, ಅಲ್ಲಿಂದ ಮೂಲ ಕ್ಲಾಸ್, ಅಲ್ಲಿಂದ ಎಲ್ಲ ಉಪಕ್ಲಾಸ್‌ಗಳವರೆಗೂ ಹೋಗಿ, ಬೇಡದ ಕೋಡನ್ನು ಓಡಿಸಬಹುದು. ಕಚೇರಿಯವರೇ ಬಳಸುತ್ತಾರೆ ಎಂಬ ಸಮಾಧಾನ ಸಾಲದು, ಏಕೆಂದರೆ ಷರತ್ತುಗಳನ್ನು ಜನ ಎಲ್ಲೆಲ್ಲಿಂದಲೋ ನಕಲು ಮಾಡಿ ಅಂಟಿಸುತ್ತಾರೆ. ಷರತ್ತನ್ನು ಬಿಡಿಸಿ ಓದುವ ಚಿಕ್ಕದೊಂದು ಪಾರ್ಸರ್ ಬರೆಯಿರಿ: ಮೊದಲು ಪದಗಳಾಗಿ ಬಿಡಿಸುವುದು, ಆಮೇಲೆ 'ಅಥವಾ', 'ಮತ್ತು', 'ಅಲ್ಲ' ಈ ಮೂರು ಹಂತಗಳಿಗೆ ಒಂದೊಂದು ಫಂಕ್ಷನ್, ಒಂದು ಇನ್ನೊಂದನ್ನು ಕರೆಯುವಂತೆ. ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1961ರಲ್ಲೇ ವಿವರಿಸಿದ ಶಂಟಿಂಗ್ ಯಾರ್ಡ್ ವಿಧಾನವನ್ನೂ ಬಳಸಬಹುದು, ಆದರೆ ತಪ್ಪು ಎಲ್ಲಿದೆ ಎಂದು ಬಳಕೆದಾರರಿಗೆ ತಿಳಿಸಲು ಫಂಕ್ಷನ್‌ಗಳ ದಾರಿಯೇ ನನಗೆ ಸುಲಭವಾಯಿತು. ಕನ್ನಡದಲ್ಲಿ ಷರತ್ತು ಬರೆಸುವುದಾದರೆ 'ಅಲ್ಲ' ಕೊನೆಯಲ್ಲಿ ಬರುತ್ತದೆ ಎಂಬುದನ್ನು ಮರೆಯಬೇಡಿ. ಅದು ತನ್ನ ಹಿಂದಿನ ಒಂದು ಹೋಲಿಕೆಗೆ ಅಥವಾ ಒಂದು ಆವರಣಕ್ಕೆ ಮಾತ್ರ ಅನ್ವಯಿಸುತ್ತದೆ ಎಂದು ನಿಗದಿ ಮಾಡಿ. ಇನ್ನೊಂದು ಎಚ್ಚರ: 'ಕೊಡಗು' ಪದದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಷರತ್ತನ್ನೂ ದಾಖಲೆಯನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದ ಮೇಲೆಯೇ ಹೋಲಿಸಿ.

ಆದರೆ ಇದೆಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ ಬರೆಯಿರಿ. ಎಲ್ಲ ಕಾಲಮ್ಮೂ ಖಾಲಿಯಿರುವ ಒಂದು ದಾಖಲೆ ಇಟ್ಟುಕೊಂಡು, ಅದರ ಮೇಲೆ ಪ್ರತಿಯೊಂದು ಹೋಲಿಕೆಯನ್ನೂ, ಅದೇ ಹೋಲಿಕೆಗೆ 'ಅಲ್ಲ' ಸೇರಿಸಿದ ರೂಪವನ್ನೂ ಓಡಿಸಿ. ಎರಡರಲ್ಲಿ ಯಾವುದಾದರೂ ಒಂದು 'ನಿಜ' ಎಂದು ಬಂದರೆ ಅದನ್ನು ಸರಿಪಡಿಸುವವರೆಗೂ ಪಾರ್ಸರ್ ಕೆಲಸಕ್ಕೆ ಕೈ ಹಾಕಬೇಡಿ.