ಥಂಡಿ ಗಾಳಿಗೆ ಕಣ್ಣೀರು: ಒಣಗಿದ ಕಣ್ಣೂ ಹೀಗೆ ಸುರಿಯುತ್ತದೆ

ಪ್ರಶ್ನೆ: ನನಗೆ 61 ವರ್ಷ. ಬೀದರ್ ಹತ್ತಿರದ ಹಳ್ಳಿ. ದೀಪಾವಳಿ ದಾಟಿದರೆ ಸಾಕು, ಬೆಳಿಗ್ಗೆ ಬೈಕ್ ಮೇಲೆ ಹೊಲಕ್ಕೆ ಹೋಗುವಾಗ ಎರಡೂ ಕಣ್ಣಲ್ಲಿ ನೀರು ಸುರಿಯುತ್ತದೆ. ಮರಳು ಬಿದ್ದಂತೆ ಚುರುಚುರು ಅನ್ನುತ್ತದೆ. ಮನೆಯೊಳಗೆ ಬಂದರೆ ಕಡಿಮೆ. ಸಂಜೆ ಟಿವಿ ನೋಡುವಾಗ ಮತ್ತೆ ಉರಿ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದರೆ ಹಾಯೆನಿಸುತ್ತದೆ, ಬಿಟ್ಟರೆ ಮತ್ತೆ ಶುರು. ಇದು ಕಣ್ಣು ಒಣಗುವ ತೊಂದರೆ ಎಂದು ಒಬ್ಬರು ಹೇಳಿದರು. ಇಷ್ಟು ನೀರು ಬರುವ ಕಣ್ಣು ಒಣಗಿರುವುದು ಹೇಗೆ?

ಉತ್ತರ: ಅವರು ಹೇಳಿದ್ದು ಬಹುತೇಕ ಸರಿ ಇರಬೇಕು. ಕಣ್ಣಿನ ಮೇಲೆ ಸದಾ ತೆಳುವಾದ ನೀರಿನ ಪದರ ಇರುತ್ತದೆ. ಅದು ಬರೀ ನೀರಲ್ಲ. ಅದರ ಮೇಲೆ ಎಣ್ಣೆಯಂಥ ಜಿಡ್ಡು ಹರಡಿಕೊಂಡು ನೀರು ಆರದಂತೆ ತಡೆಯುತ್ತದೆ. ಈ ಜಿಡ್ಡು ಬರುವುದು ರೆಪ್ಪೆಯ ಅಂಚಿನ ಸಣ್ಣ ಗ್ರಂಥಿಗಳಿಂದ. ಒಂದೊಂದು ರೆಪ್ಪೆಯಲ್ಲೂ ಸಾಲಾಗಿ 20ರಿಂದ 40 ಗ್ರಂಥಿಗಳಿರುತ್ತವೆ. ವಯಸ್ಸಾದಂತೆ ಆ ಜಿಡ್ಡು ಗಟ್ಟಿಯಾಗಿ ಒಳಗೇ ಕಟ್ಟಿಕೊಳ್ಳುತ್ತದೆ. ಆಗ ನೀರಿಗೆ ಮುಚ್ಚಳವೇ ಇಲ್ಲದಂತಾಗುತ್ತದೆ.

ನಿಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಗಾಳಿ ತಣ್ಣಗೂ ಇರುತ್ತದೆ, ಒಣಗಿಯೂ ಇರುತ್ತದೆ. ಬೈಕಿನ ವೇಗ ಬೇರೆ. ಪದರ ಬೇಗ ಆರಿ ಕಣ್ಣಿನ ಮೇಲ್ಮೈ ತಣ್ಣಗಾಗುತ್ತದೆ. ಆ ತಣ್ಣಗಾಗುವುದನ್ನು ಗುರುತಿಸಲೆಂದೇ ಕಾರ್ನಿಯಾದಲ್ಲಿ, ಅಂದರೆ ಕರಿಗುಡ್ಡೆ ಮೇಲಿನ ಗಾಜಿನಂಥ ಹೊದಿಕೆಯಲ್ಲಿ, ನರಗಳಿವೆ. ಅವು ಮೆದುಳಿಗೆ ಸುದ್ದಿ ಕೊಟ್ಟೊಡನೆ ಹುಬ್ಬಿನ ಹೊರತುದಿಯ ಕೆಳಗಿರುವ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಬಿಡುತ್ತದೆ. ಜಿಡ್ಡಿನ ಕೊರತೆ ಮಾತ್ರ ಹಾಗೆಯೇ ಇರುವುದರಿಂದ ಆ ನೀರು ಕಣ್ಣಲ್ಲಿ ನಿಲ್ಲದೆ ಕೆನ್ನೆ ಮೇಲೆ ಇಳಿಯುತ್ತದೆ. ಒರೆಸಿಕೊಂಡಷ್ಟೂ ಉರಿ ಜಾಸ್ತಿ. ಸಂಜೆಯ ಉರಿಗೂ ಕಾರಣವಿದೆ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಟಿವಿ, ಮೊಬೈಲ್ ದಿಟ್ಟಿಸುವಾಗ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಮೊದಲು ಮಾಡಬೇಕಾದದ್ದು ಗಾಳಿ ತಡೆಯುವುದು. ಹೆಲ್ಮೆಟ್ ಗಾಜು ಇಳಿಸಿಯೇ ಓಡಿಸಿ, ಇಲ್ಲವೇ ಬದಿಯಿಂದಲೂ ಕಣ್ಣು ಮುಚ್ಚುವ ಕನ್ನಡಕ ಹಾಕಿಕೊಳ್ಳಿ. ಬೆಳಕು ಹರಿಯುವ ಮೊದಲೇ ಹೊರಡುವವರಾದರೆ ಕಪ್ಪು ಗಾಜು ಬೇಡ, ಬಿಳಿ ಗಾಜಿನದು ಸಾಕು.

ಎರಡನೆಯದು ಬಿಸಿ ಶಾಖ. ಸ್ವಚ್ಛ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈಗೆ ಮುಟ್ಟಿಸಿ ನೋಡಿ. ಹಿತವಾಗಿದ್ದರೆ ಮುಚ್ಚಿದ ಕಣ್ಣ ಮೇಲೆ ಇಡಿ. ಬಟ್ಟೆ ಬೇಗ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಒಟ್ಟು 5ರಿಂದ 10 ನಿಮಿಷ, ದಿನಕ್ಕೆ ಎರಡು ಸಲ. ಆಮೇಲೆ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ ಬೆರಳಿಂದ ಮೆಲ್ಲಗೆ ಒತ್ತಿ ನೀವಿ, ಅಂಚನ್ನು ಒದ್ದೆ ಹತ್ತಿಯಿಂದ ಒರೆಸಿ. ಎರಡು ದಿನ ಮಾಡಿ ಗುಣವಿಲ್ಲ ಎಂದು ಬಿಡುವವರೇ ಜಾಸ್ತಿ. ಫಲ ಕಾಣಲು ವಾರಗಳೇ ಬೇಕು, ಬಿಡದೆ ಮಾಡಿ.

ಕಣ್ಣು ತೇವವಾಗಿಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಡ್ರಾಪ್ಸನ್ನು ದಿನಕ್ಕೆ ಮೂರು ನಾಲ್ಕು ಸಲ ಹಾಕಬಹುದು. ಹೊಲಕ್ಕೆ ಹೊರಡುವ ಮುಂಚೆ ಒಂದು ಹನಿ ಹಾಕಿಕೊಳ್ಳಿ. ಅದಕ್ಕಿಂತ ಹೆಚ್ಚು ಸಲ ಬೇಕಾದರೆ ಪ್ರಿಸರ್ವೇಟಿವ್ (ಔಷಧ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದನ್ನು ಕೇಳಿ. ಮಾಮೂಲಿ ಬಾಟಲಿಯನ್ನು ತೆರೆದು ಒಂದು ತಿಂಗಳಾದ ಮೇಲೆ ಬಳಸಬೇಡಿ.

ಈಗ ನನಗೆ ನಿಜವಾಗಿ ಚಿಂತೆ ತಂದಿರುವ ವಿಷಯ. ನಿಮ್ಮ ಹತ್ತಿರ ಇರುವ ಡ್ರಾಪ್ಸ್ ಯಾವುದು? ಬಾಟಲಿ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಾಕಿದಾಗ ಹಾಯೆನಿಸಿ, ಬಿಟ್ಟೊಡನೆ ಮರಳುವುದು ಅದರ ಲಕ್ಷಣಗಳಲ್ಲಿ ಒಂದು. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆಯೂ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ನೀವು ಹೊಲದಲ್ಲಿ ದುಡಿಯುವವರು. ಕಬ್ಬಿನ ಗರಿ ತಾಗಿಯೋ, ತೊಗರಿ ರಾಶಿ ಮಾಡುವಾಗ ಹೊಟ್ಟು ಬಿದ್ದೋ ಕಣ್ಣು ಗೀಚಿದರೆ ಶಿಲೀಂಧ್ರದ ಸೋಂಕು ಹತ್ತಬಹುದು. ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಬಲಿತು ಕಣ್ಣೇ ಹೋಗುವ ಅಪಾಯ. ದಯವಿಟ್ಟು ಬಾಟಲಿ ಹಿಡಿದುಕೊಂಡೇ ಕಣ್ಣಿನ ವೈದ್ಯರ ಹತ್ತಿರ ಹೋಗಿ, ಒತ್ತಡ ಅಳೆಸಿಕೊಳ್ಳಿ. ನೋವು, ಮಂಜಾಗುವುದು, ಬೆಳಕು ನೋಡಲಾಗದಿರುವುದು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಹೋಗಿ.

ಪ್ರಶ್ನೆ: ಹಾಸನದಲ್ಲಿರುವ ನಮ್ಮ ತಾಯಿಗೆ 65 ವರ್ಷ. ಎಡಗಣ್ಣಲ್ಲಿ ಮಾತ್ರ ವರ್ಷವಿಡೀ ನೀರು, ಚಳಿಗಾಳಿಗೆ ಇನ್ನೂ ಜಾಸ್ತಿ. ಪೊರೆ ಆಪರೇಷನ್‌ಗೆ ಕರೆದುಕೊಂಡು ಹೋದರೆ, ಮೂಗಿನ ಪಕ್ಕ ಒತ್ತಿ ನೋಡಿ 'ಈಗ ಬೇಡ' ಎಂದು ವಾಪಸ್ ಕಳಿಸಿದರು. ಅಮ್ಮ ನಂದಿಬಟ್ಟಲ ಹೂವಿನ ರಸ ಬಿಟ್ಟುಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ವಾಪಸ್ ಕಳಿಸಿದವರು ನಿಮ್ಮ ತಾಯಿಯ ಕಣ್ಣು ಉಳಿಸಿದ್ದಾರೆ. ನೀರು ಜಾಸ್ತಿ ಸುರಿದರೂ ಬಚ್ಚಲು ತುಂಬುತ್ತದೆ, ಮೋರಿ ಕಟ್ಟಿದರೂ ತುಂಬುತ್ತದೆ, ಅಲ್ವಾ? ಬೀದರಿನವರದ್ದು ಮೊದಲನೆಯದು, ತಾಯಿಯವರದ್ದು ಎರಡನೆಯದು ಇರಬೇಕು. ಕಣ್ಣಿನ ಒಳಮೂಲೆಯ ಸಣ್ಣ ರಂಧ್ರಗಳಿಂದ ಕಣ್ಣೀರು ಒಂದು ಚೀಲಕ್ಕೆ ಹೋಗಿ, ಅಲ್ಲಿಂದ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸುರಿಯುವುದು ಅದಕ್ಕೇ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಈ ನಾಳ ಕಟ್ಟಿಕೊಳ್ಳುವುದು ಹೆಚ್ಚು. ಒಂದೇ ಕಣ್ಣಲ್ಲಿ, ಎಲ್ಲ ಕಾಲದಲ್ಲೂ ನೀರು ಬಂದರೆ ಮೊದಲು ಇದನ್ನೇ ಅನುಮಾನಿಸುತ್ತೇವೆ.

ಮೂಗಿನ ಪಕ್ಕ ಒತ್ತಿದಾಗ ಕೀವೋ ಅಂಟೋ ಕಣ್ಣಿಗೆ ಮರಳಿದರೆ ಚೀಲದಲ್ಲಿ ಸೋಂಕಿದೆ ಎಂದರ್ಥ. ಆ ಸ್ಥಿತಿಯಲ್ಲಿ ಪೊರೆ ತೆಗೆದರೆ ಸೋಂಕು ಕಣ್ಣಿನೊಳಗೆ ನುಗ್ಗಬಹುದು. ನಾಳ ತೆರೆದಿದೆಯೇ ಎಂದು ನೋಡಲು ರಂಧ್ರದಿಂದ ಸಲೈನ್ ಬಿಡುತ್ತಾರೆ. ಗಂಟಲಿಗೆ ಉಪ್ಪುಪ್ಪು ಬಂದರೆ ದಾರಿ ಇದೆ. ಪೂರ್ತಿ ಕಟ್ಟಿದ್ದರೆ ಡಿಸಿಆರ್ ಎಂಬ ಆಪರೇಷನ್‌ನಲ್ಲಿ ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುತ್ತಾರೆ. ಅದು ಮಾಯ್ದ ಮೇಲೆ ಪೊರೆಯದ್ದು. ಎರಡು ಆಪರೇಷನ್ ಎಂದರೆ ತಾಯಿಗೆ ಬೇಸರ ಆಗಬಹುದು. ಈ ಕ್ರಮ ಏಕೆ ಎಂದು ಅವರಿಗೇ ಬಿಡಿಸಿ ಹೇಳಿ.

ಹೂವಿನ ರಸ ಇವತ್ತೇ ನಿಲ್ಲಿಸಿ. ನಂಬಿಕೆ ಹಳೆಯದು, ನನಗೂ ಅದರ ಬಗ್ಗೆ ಗೌರವ ಇದೆ. ಆದರೆ ಮನೆಯಲ್ಲಿ ಹಿಂಡಿದ ರಸ ರೋಗಾಣು ಇಲ್ಲದ್ದಾಗಿರಲು ಸಾಧ್ಯವಿಲ್ಲ. ಜೇನು, ಹರಳೆಣ್ಣೆ, ಎದೆಹಾಲಿಗೂ ಇದೇ ಮಾತು. ಒಳಮೂಲೆಯಲ್ಲಿ ಕೆಂಪಗೆ ಊದಿ, ನೋವು, ಜ್ವರ ಬಂದರೆ ಕಾಯಬೇಡಿ. ಒತ್ತಿ ಕೀವು ತೆಗೆಯಲೂ ಹೋಗಬೇಡಿ.

ಪ್ರಶ್ನೆ: ಬೆಂಗಳೂರಲ್ಲಿ ದಿನವಿಡೀ ಸ್ಕೂಟರ್ ಮೇಲೆ ಡೆಲಿವರಿ ಕೆಲಸ. ವಯಸ್ಸು 26. ಬೆಳಿಗ್ಗೆ ಗಾಳಿಗೆ ಕಣ್ಣು ಕೆಂಪಾಗಿ, ನೀರು ಬಂದು, ವಿಪರೀತ ಕಡಿತ. ಕಾಂಟ್ಯಾಕ್ಟ್ ಲೆನ್ಸ್ ಬಳಸುತ್ತೇನೆ.

ಉತ್ತರ: ಕಡಿತವೇ ಮುಂದಿದ್ದರೆ ಧೂಳು, ಪರಾಗದ ಅಲರ್ಜಿ ಇರಬಹುದು. ಉಜ್ಜಬೇಡಿ, ಉಜ್ಜಿದಷ್ಟೂ ಕಡಿತ ಹೆಚ್ಚುತ್ತದೆ. ಮುಚ್ಚಿದ ಕಣ್ಣಿಗೆ ತಣ್ಣೀರ ಬಟ್ಟೆ ಇಡಿ. ಗಾಡಿ ಓಡಿಸುವ ದಿನ ಲೆನ್ಸ್ ಬದಲು ಕನ್ನಡಕ ಹಾಕಿ, ಕಣ್ಣು ಕೆಂಪಗಿರುವಾಗಲಂತೂ ಲೆನ್ಸ್ ಬೇಡವೇ ಬೇಡ. ಕೆಂಪು ತಕ್ಷಣ ಹೋಗಿಸುವ ಡ್ರಾಪ್ಸ್ ಬಿಟ್ಟ ಮೇಲೆ ಕಣ್ಣು ಮೊದಲಿಗಿಂತ ಕೆಂಪಾಗುವುದುಂಟು, ಅದರ ಅಭ್ಯಾಸ ಮಾಡಿಕೊಳ್ಳಬೇಡಿ. ಹೆಲ್ಮೆಟ್ ಗಾಜು ಗೀರು ಬಿದ್ದು ಮಂಜಾಗಿದೆ ಎಂದು ಮೇಲೆತ್ತಿ ಓಡಿಸುವ ಹುಡುಗರನ್ನು ದಿನಾ ನೋಡುತ್ತೇನೆ. ನಿಮ್ಮದೂ ಹಾಗಿದ್ದರೆ ಗಾಜು ಬದಲಿಸಿ. ವಾರದಲ್ಲಿ ಕಡಿಮೆಯಾಗದಿದ್ದರೆ ತೋರಿಸಿ, ಲೆನ್ಸ್ ಹಾಕಿದ ಕಣ್ಣಲ್ಲಿ ನೋವು ಶುರುವಾದರೆ ಅದೇ ದಿನ.